ಬಯಲು ರಾಕ್ ಹಬ್ಬದಲ್ಲಿ ಒಂದು ದಿನ: ಗೆಳೆಯರ ಜೊತೆ ಬೆಂಗಳೂರಿನ ಮೈದಾನಕ್ಕೆ ಹೊರಡುವ ಮುನ್ನ

ಬೆಂಗಳೂರಿನ ಬಯಲು ಕಾರ್ಯಕ್ರಮಗಳ ವೇಳಾಪಟ್ಟಿ ಓದುವುದಾದರೆ ಕೊನೆಯಿಂದ ಓದಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದ ಕೆಲವೇ ದಿನಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದು, ಆದರೆ ರಾಕ್ ಹಬ್ಬಕ್ಕೆ ಅದು ಸಿಗುತ್ತದೆ ಎಂದು ನಂಬಿ ಕೂರಬೇಡಿ. ಹತ್ತಕ್ಕೆ ಮುಗಿಯಬೇಕೆಂದರೆ ಮುಖ್ಯ ಬ್ಯಾಂಡ್ ಎಂಟೂಕಾಲು, ಎಂಟೂವರೆಗೆ ವೇದಿಕೆ ಹತ್ತಬೇಕು. ಅದಕ್ಕೂ ಮೊದಲು ಐದಾರು ಬ್ಯಾಂಡ್‌ಗಳು. ಮಧ್ಯೆ ಪ್ರತಿಸಲ ಡ್ರಮ್ಸ್ ಬದಲಿಸಿ, ತಂತಿ ಜೋಡಿಸಿ, ಮೈಕ್ ಪರೀಕ್ಷಿಸಲು 20ರಿಂದ 40 ನಿಮಿಷ. ಹೀಗೆ ಲೆಕ್ಕ ಹಾಕುತ್ತ ಹಿಂದಕ್ಕೆ ಹೋದರೆ ಗೇಟ್ ತೆರೆಯುವುದು ಮಧ್ಯಾಹ್ನದ ಸುಡುಬಿಸಿಲಿನಲ್ಲಿ. ಎಂಟೊಂಬತ್ತು ಗಂಟೆ ಕಾಲ ಮೇಲೆ ನಿಂತ ನಂತರ, ಮೈಯಲ್ಲಿ ತ್ರಾಣ ಉಳಿಯದ ಹೊತ್ತಿಗೆ, ನೀವು ಯಾರಿಗಾಗಿ ಬಂದಿರೋ ಅವರು ಬರುತ್ತಾರೆ. ಮುಂದೆ ಹೇಳುವ ನೀರು, ಊಟ, ಶೂ, ಕಿವಿಬೆಣೆ (ಇಯರ್‌ಪ್ಲಗ್) ಎಲ್ಲದರ ಗುರಿ ಒಂದೇ: ಕೊನೆಯ ಆ ಒಂದೂವರೆ ಗಂಟೆಗೆ ಇಡೀ ಗುಂಪು ಒಟ್ಟಿಗೆ, ಎಚ್ಚರವಾಗಿ, ಕಿವಿ ಸರಿಯಿಟ್ಟುಕೊಂಡು ನಿಂತಿರಬೇಕು.

ಇದು ರಾಕ್ ಸಂಗೀತಕ್ಕೆ ಹೊಸ ಊರಲ್ಲ. ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬ್ಯಾಂಡ್‌ಗಳು ನುಡಿಸಿವೆ. ಫ್ರೀಡಂ ಜ್ಯಾಮ್ ಎಂಬ ಉಚಿತ ಸಂಗೀತ ಕೂಟ 1996ರಲ್ಲೇ ಶುರುವಾಯಿತು. ಜರ್ಮನಿಯ ವಾಕನ್ ಹಬ್ಬದ ನಂಟಿರುವ ಬೆಂಗಳೂರು ಓಪನ್ ಏರ್ 2012ರಿಂದ ಮೆಟಲ್ (ರಾಕ್‌ನ ಅತಿ ಬಿರುಸಿನ ಬಗೆ) ಪ್ರಿಯರನ್ನು ಸೇರಿಸುತ್ತಿದೆ. ಇಲ್ಲಿನ ಗುಂಪಿಗೆ ಅನುಭವವಿದೆ. ಮೊದಲ ಸಲ ಹೋಗುವವರಿಗೆ ಬೇಕಾದ ತಿಳಿವಳಿಕೆಯೆಲ್ಲ ಆ ಅನುಭವದೊಳಗೇ ಸಿಗುತ್ತದೆ.

ಗುಂಪು ಎಷ್ಟು ದೊಡ್ಡದಿರಬೇಕು

ನಾಲ್ಕು ಜನ ಅನುಕೂಲ, ಆರು ಜನ ಮಿತಿ. ಅದಕ್ಕಿಂತ ಹೆಚ್ಚಾದರೆ ಗುಂಪಾಗಿ ನಡೆದಾಡಲು ಆಗುವುದಿಲ್ಲ. ಒಬ್ಬರು ಶೌಚಾಲಯಕ್ಕೆ, ಇನ್ನೊಬ್ಬರು ನೀರಿಗೆ, ಮತ್ತೊಬ್ಬರು ಟಿ-ಶರ್ಟ್ ಅಂಗಡಿಗೆ ಎಂದು ಚದುರಿ, ಅರ್ಧ ದಿನ ಹುಡುಕಾಟದಲ್ಲೇ ಕಳೆಯುತ್ತದೆ. ಹತ್ತು ಜನ ಹೊರಟಿದ್ದರೆ ಮೊದಲೇ ಎರಡು ತಂಡ ಮಾಡಿ. ಪ್ರತಿ ತಂಡದಲ್ಲೂ ಜೋಡಿಗಳಿರಲಿ. ಜೋಡಿಯ ನಿಯಮ ಸರಳ: ಮುಂದಿನ ಸಾಲಿಗೆ, ಶೌಚಾಲಯಕ್ಕೆ, ಹೊರಗೆ, ಎಲ್ಲಿಗೆ ಹೋದರೂ ಇಬ್ಬರೇ ಹೋಗುವುದು. ಜೋಡಿ ಮಾಡುವಾಗ ಸ್ನೇಹಕ್ಕಿಂತ ರುಚಿ ನೋಡಿ. ಬ್ಯಾರಿಕೇಡ್‌ಗೆ ಅಂಟಿಕೊಂಡು ನಿಲ್ಲುವ ಆಸೆಯವರನ್ನು ಹಿಂದೆ ನೆರಳಲ್ಲಿ ಕೂತು ಕೇಳುವವರ ಜೊತೆ ಸೇರಿಸಿದರೆ ಇಬ್ಬರ ದಿನವೂ ಕೆಡುತ್ತದೆ.

ಮೈದಾನದೊಳಗೆ ಫೋನ್ ನಂಬಬೇಡಿ. ಸಾವಿರಾರು ಜನ ಒಂದೇ ಟವರ್‌ಗೆ ಜೋತುಬಿದ್ದಾಗ ಸಿಗ್ನಲ್‌ನ ಕಡ್ಡಿಗಳು ತುಂಬಿ ಕಂಡರೂ ಡೇಟಾ ಹರಿಯುವುದಿಲ್ಲ. 'ಎಲ್ಲಿದ್ದೀಯ' ಎಂದು ಕಳಿಸಿದ ವಾಟ್ಸ್ಆ್ಯಪ್ ಸಂದೇಶ ನಲವತ್ತು ನಿಮಿಷದ ನಂತರ ತಲುಪಿ ಇನ್ನಷ್ಟು ಗೊಂದಲ ಮಾಡುತ್ತದೆ. ಸಾದಾ ಎಸ್‌ಎಂಎಸ್ ಕೆಲವೊಮ್ಮೆ ಹೋಗುತ್ತದೆ. ಕಳಿಸುವಾಗ ಸಮಯವನ್ನೂ ಸೇರಿಸಿ ಬರೆಯಿರಿ: '6.10ಕ್ಕೆ ಬರೆದದ್ದು, ನೀರಿನ ಹತ್ತಿರ ಇದ್ದೇವೆ'. ಆದರೆ ನಿಜವಾದ ಉಪಾಯ ಹಳೆಯದು, ಜಾತ್ರೆಯಲ್ಲಿ ಅಮ್ಮಂದಿರು ಮಾಡುತ್ತಿದ್ದದ್ದು: ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಒಟ್ಟಿಗೆ ನಡೆದು ಹೋಗಿ ಒಂದು ಜಾಗ ಗುರುತು ಮಾಡುವುದು. 'ಗೇಟ್ ಹತ್ತಿರ' ಎಂಬುದು ಜಾಗವೇ ಅಲ್ಲ. ಅಲ್ಲಿ ಕೊನೆಗೆ ಮೈದಾನದ ಜನರೆಲ್ಲ ಸೇರುತ್ತಾರೆ. ಮೈದಾನದ ನಡುವೆ ಸದ್ದು ನಿಯಂತ್ರಿಸಲು ಕಟ್ಟಿದ ಸೌಂಡ್ ಗೋಪುರದ ಹಿಂಬದಿಯ ಎಡಮೂಲೆ, ಅಥವಾ ಪ್ರಥಮ ಚಿಕಿತ್ಸೆಯ ಡೇರೆಯ ಬಲಗಡೆಯ ಕಂಬ, ಇಷ್ಟು ಖಚಿತವಾಗಿರಲಿ. ಎಡ ಬಲ ಎಂದರೆ ಯಾರ ಎಡ ಎಂಬುದನ್ನೂ ತೀರ್ಮಾನಿಸಿಕೊಳ್ಳಿ. ವೇದಿಕೆಯವರಿಗೆ ಎಡ ಎಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ಕಲಾವಿದನ ಎಡ. ನಮಗೆ ಅದು ಬಲ. ಈ ಒಂದು ಗೊಂದಲಕ್ಕೇ ಎಷ್ಟೋ ಗುಂಪುಗಳು ಒಡೆದಿವೆ. 'ವೇದಿಕೆ ನೋಡುತ್ತ ನಿಂತಾಗ ನಮ್ಮ ಎಡ' ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಭೇಟಿಯ ಸಮಯವೂ ನಿಗದಿಯಾಗಲಿ: ಪ್ರತಿ ಬ್ಯಾಂಡ್ ಮುಗಿದ ಹತ್ತು ನಿಮಿಷಕ್ಕೆ. ಎರಡು ಸಲ ಸತತವಾಗಿ ಒಂದು ಜೋಡಿ ಬಾರದಿದ್ದರೆ ಮಾತ್ರ ಹುಡುಕಲು ಹೊರಡಿ, ಅದೂ ಎಲ್ಲರೂ ಅಲ್ಲ, ಒಂದೇ ಜೋಡಿ.

ಹಿಂದಿನ ದಿನ

ಟಿಕೆಟ್‌ನ ಕ್ಯುಆರ್ ಕೋಡ್ ಆ್ಯಪ್‌ನಲ್ಲಿದ್ದರೆ ಸಾಲದು. ಗೇಟ್ ಬಳಿ ನೆಟ್‌ವರ್ಕ್ ಕೈಕೊಟ್ಟಾಗ ಆ್ಯಪ್ ತೆರೆಯುವುದೇ ಇಲ್ಲ. ಸ್ಕ್ರೀನ್‌ಶಾಟ್ ಒಪ್ಪುತ್ತಾರೆಯೇ ಎಂದು ಮೊದಲೇ ಓದಿ ನೋಡಿ, ಒಪ್ಪುವುದಾದರೆ ತೆಗೆದು ಜೋಡಿಯ ಇಬ್ಬರ ಫೋನ್‌ನಲ್ಲೂ ಇಡಿ. ಒಪ್ಪದಿದ್ದರೆ ಗೇಟ್‌ಗೆ ಅರ್ಧ ಕಿಲೋಮೀಟರ್ ಇರುವಾಗಲೇ ಟಿಕೆಟ್ ತೆರೆದಿಟ್ಟುಕೊಳ್ಳಿ. ವಯಸ್ಸಿನ ದಾಖಲೆ ತೋರಿಸಿ ಕೈಪಟ್ಟಿ ಕಟ್ಟಿಸಿಕೊಳ್ಳಬೇಕಾದಲ್ಲಿ ಅಸಲಿ ಗುರುತಿನ ಚೀಟಿ ಕೇಳುವುದುಂಟು.

ಒಳಗೆ ಏನು ಬಿಡುವುದಿಲ್ಲ ಎಂಬ ಪಟ್ಟಿಯನ್ನು ಗುಂಪಿನ ಎಲ್ಲರೂ ಓದಬೇಕು, ಒಬ್ಬರು ಓದಿ ಹೇಳಿದರೆ ಆಗದು. ಛತ್ರಿ, ಸೆಲ್ಫಿ ಕೋಲು, ಲೈಟರ್, ಸೆಂಟು ಬಾಟಲಿ, ಲೆನ್ಸ್ ಬದಲಿಸುವ ಕ್ಯಾಮೆರಾ, ಹೊರಗಿನ ಊಟ ಸಾಮಾನ್ಯವಾಗಿ ಗೇಟಿನಲ್ಲೇ ಉಳಿಯುತ್ತವೆ. ಮೆಟಲ್ ಹಬ್ಬಕ್ಕೆ ಹೋಗುವವರು ಮರೆಯುವುದು ಇನ್ನೊಂದು: ಮೊಳೆಯಂತಹ ಮುಳ್ಳಿರುವ ಕೈಪಟ್ಟಿ, ಗುಂಡಿನ ಬೆಲ್ಟು, ಪರ್ಸಿನ ಉದ್ದ ಸರಪಳಿ. ಪ್ರೀತಿಯಿಂದ ಕೊಂಡದ್ದನ್ನು ಗೇಟಿನ ಡಬ್ಬಿಗೆ ಹಾಕಿ ಬರುವ ಸಂಕಟ ಬೇಡ, ಮನೆಯಲ್ಲೇ ಬಿಡಿ. ಕೆಲವೆಡೆ ಪವರ್ ಬ್ಯಾಂಕ್ ಕೂಡ ಬಿಡುವುದಿಲ್ಲ. ಬಿಡುವಲ್ಲಿ ಇಬ್ಬರಿಗೆ 10,000 ಎಂಎಎಚ್‌ನದ್ದು ಒಂದು ಸಾಕು.

ಚೀಲದಲ್ಲಿ ಇರಬೇಕಾದವು ಇಷ್ಟೇ:

– ಕಿವಿಬೆಣೆ, ಪ್ರತಿಯೊಬ್ಬರಿಗೆ ಒಂದು ಜೊತೆ, ಗುಂಪಿಗೆ ಎರಡು ಜೊತೆ ಹೆಚ್ಚುವರಿ
– ಓಆರ್‌ಎಸ್ ಪುಡಿ, ತಲೆಗೆ ಒಂದು ಪೊಟ್ಟಣ
– ಟೋಪಿ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್
– ತೆಳುವಾದ ಮಳೆಗವಸು, ಫೋನ್‌ಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ
– ಬ್ಯಾಂಡ್‌ಏಡ್, ಟಿಶ್ಯೂ, ಸ್ಯಾನಿಟೈಸರ್ ಸ್ಯಾಚೆ, ಬೇಕಾದವರಿಗೆ ಸ್ಯಾನಿಟರಿ ಪ್ಯಾಡ್
– 100, 200ರ ನೋಟುಗಳಲ್ಲಿ ಒಂದಷ್ಟು ನಗದು
– ದಿನವೂ ತೆಗೆದುಕೊಳ್ಳುವ ಔಷಧಿ, ವೈದ್ಯರ ಚೀಟಿಯ ಸಮೇತ

ನಗದು ಏಕೆಂದರೆ ಡೇಟಾ ನಿಂತಾಗ ಯುಪಿಐ ಕೂಡ ನಿಲ್ಲುತ್ತದೆ. ಕೈಪಟ್ಟಿಗೆ ಹಣ ತುಂಬಿಸಿ ಖರ್ಚು ಮಾಡುವ ವ್ಯವಸ್ಥೆ ಇರುವ ಹಬ್ಬವಾದರೆ ಮನೆಯಿಂದಲೇ ತುಂಬಿಸಿ, ಉಳಿದ ಹಣ ವಾಪಸು ಪಡೆಯುವ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ.

ಉಡುಪಿನಲ್ಲಿ ಮುಖ್ಯ ಕಾಲು. ಬೆರಳು ಮುಚ್ಚುವ, ಹಿಮ್ಮಡಿ ಗಟ್ಟಿ ಹಿಡಿಯುವ, ಈಗಾಗಲೇ ತೊಟ್ಟು ಪಳಗಿದ ಶೂ. ಹೊಸ ಬೂಟು ನಾಲ್ಕನೇ ಗಂಟೆಗೆ ಬೊಬ್ಬೆ ಏಳಿಸುತ್ತದೆ. ಚಪ್ಪಲಿಯಲ್ಲಿ ಬಂದವರು ಮೊದಲ ನೂಕಾಟದಲ್ಲೇ ಅದನ್ನು ಕಳೆದುಕೊಳ್ಳುತ್ತಾರೆ, ಬಗ್ಗಿ ಹುಡುಕಲು ಹೋಗುವುದು ಅದಕ್ಕಿಂತ ಅಪಾಯ. ಲೇಸಿಗೆ ಎರಡು ಗಂಟು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿ. ಕಪ್ಪು ಟಿ-ಶರ್ಟ್ ಬಿಸಿಲಲ್ಲಿ ಕಾಯುತ್ತದೆ ನಿಜ, ಆದರೆ ಬ್ಯಾಂಡ್ ಟಿ-ಶರ್ಟ್ ಬಿಟ್ಟು ಬನ್ನಿ ಎಂದು ಯಾರಿಗೂ ಹೇಳಲಾಗದು. ಸಡಿಲವಾದ ಹತ್ತಿಯದ್ದು ಹಾಕಿ, ಕತ್ತಿಗೆ ಒದ್ದೆ ಕರವಸ್ತ್ರ ಸುತ್ತಿ. ಡಿಸೆಂಬರ್, ಜನವರಿಯ ಹಬ್ಬವಾದರೆ ಸಂಜೆ ಏಳರ ನಂತರ ಬೆವರಿದ ಮೈಗೆ ಚಳಿ ಹತ್ತುತ್ತದೆ; ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ತುಂಬುತೋಳಿನ ಅಂಗಿ ಇರಲಿ.

ನೀರು ಮತ್ತು ಊಟ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತಂಪಾಗಿರುವುದರಿಂದ ಬಿಸಿಲಿನ ಪೆಟ್ಟು ತಿಳಿಯುವುದಿಲ್ಲ, ಸಂಜೆಗೆ ಮೂಗು, ಕಿವಿಯ ತುದಿ, ಕತ್ತು ಕೆಂಪಾಗಿರುತ್ತವೆ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ದಿನವಿಡೀ ತಲೆಗೆ ಎರಡೂವರೆಯಿಂದ ಮೂರು ಲೀಟರ್ ನೀರು ಬೇಕು, ಏಪ್ರಿಲ್‌ನಲ್ಲಾದರೆ ಇನ್ನೂ ಹೆಚ್ಚು. ಒಮ್ಮೆಗೇ ಕುಡಿಯುವುದಲ್ಲ, ಪ್ರತಿ ಬ್ಯಾಂಡ್‌ಗೆ ಅರ್ಧ ಲೀಟರ್‌ನಂತೆ ಹಂಚಿಕೊಂಡರೆ ಲೆಕ್ಕ ಇಡುವುದೂ ಸುಲಭ. ಇಡೀ ದಿನ ಬೆವರುತ್ತ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರುತ್ತದೆ. ಜನ ಅದನ್ನೂ ಬಾಯಾರಿಕೆ ಎಂದುಕೊಂಡು ಮತ್ತೆ ನೀರು ಕುಡಿಯುತ್ತಾರೆ. ಹಾಗಾಗಿ ನಾಲ್ಕು ಗಂಟೆಯ ಹೊತ್ತಿಗೆ ಒಂದು ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿಗೆ, ದೊಡ್ಡ ಪೊಟ್ಟಣವಾದರೆ ಒಂದು ಲೀಟರ್‌ಗೆ, ಕದಡಿ ಇಬ್ಬರು ಹಂಚಿಕೊಳ್ಳಿ. ಕಮ್ಮಿ ನೀರಿಗೆ ಹಾಕಿ ಗಟ್ಟಿ ಮಾಡಿದರೆ ಹೊಟ್ಟೆ ಕೆಡುತ್ತದೆ. ಒಳಗೆ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮೂತ್ರದ ಬಣ್ಣ ಕಡುಹಳದಿಯಾಗಿದ್ದರೆ ನೀವು ಹಿಂದೆ ಬಿದ್ದಿದ್ದೀರಿ ಎಂದರ್ಥ.

ಮನೆಯಿಂದ ಹೊರಡುವಾಗ ಹೊಟ್ಟೆ ತುಂಬ ತಿನ್ನಿ. ಇಡ್ಲಿ, ಉಪ್ಪಿಟ್ಟು, ಬಿಸಿಬೇಳೆಬಾತ್, ಮುದ್ದೆ ಸಾರು ಯಾವುದಾದರೂ ಸರಿ. ಪೂರಿ, ಬಜ್ಜಿಯಂತಹ ಎಣ್ಣೆ ಪದಾರ್ಥ ಬಿಸಿಲಲ್ಲಿ ಕುಣಿಯುವಾಗ ಮೇಲಕ್ಕೆ ಬರುತ್ತದೆ. ಒಳಗಿನ ಊಟಕ್ಕೆ ಐದರಿಂದ ಆರರೊಳಗೆ ಹೋಗಿ. ಏಳಕ್ಕೆ ಎಲ್ಲರಿಗೂ ಹಸಿವಾಗಿ ಸಾಲು ಬೆಳೆಯುತ್ತದೆ, ಆಮೇಲೆ ತಟ್ಟೆ ಹಿಡಿದುಕೊಂಡೇ ಮುಖ್ಯ ಬ್ಯಾಂಡ್‌ನ ಮೊದಲ ಹಾಡು ಕೇಳಬೇಕಾಗುತ್ತದೆ.

ಶೌಚಾಲಯಕ್ಕೂ ಇದೇ ಲೆಕ್ಕ. ಬ್ಯಾಂಡ್ ಮುಗಿದ ಕೂಡಲೇ ಎಲ್ಲರೂ ಓಡುತ್ತಾರೆ. ನಿಮಗೆ ಅಷ್ಟೇನೂ ಹಿಡಿಸದ ಹಾಡಿನ ನಡುವೆ ಹೋಗಿ, ಸಾಲೇ ಇರುವುದಿಲ್ಲ. ಶೌಚಾಲಯ ಹೇಗಿರುತ್ತದೋ ಎಂಬ ಹೆದರಿಕೆಯಿಂದ ನೀರು ಕುಡಿಯದೇ ಉಳಿಯುವವರು, ಅದರಲ್ಲೂ ಹೆಣ್ಣುಮಕ್ಕಳು, ಬಹಳ. ಸಂಜೆ ತಲೆಸುತ್ತಿ ಬೀಳುವವರಲ್ಲಿ ಇಂಥವರೂ ಇರುತ್ತಾರೆ. ಗೇಟ್ ತೆರೆದ ಮೊದಲ ಗಂಟೆಯಲ್ಲಿ ಶೌಚಾಲಯ ಸ್ವಚ್ಛವಿರುತ್ತದೆ. ನಂತರ ಗೇಟಿನಿಂದ ಅತಿ ದೂರದ ಸಾಲಿನದ್ದು ವಾಸಿ. ಟಿಶ್ಯೂ ಕೈಯಲ್ಲೇ ಇರಲಿ.

ಬಿಯರ್ ಕುಡಿಯುವವರು ಬಿಸಿಲಿಳಿದ ಮೇಲೆ ಶುರುಮಾಡಿ, ಪ್ರತಿ ಲೋಟಕ್ಕೆ ಒಂದು ಲೋಟ ನೀರು ಸೇರಿಸಿ. ಆಯೋಜಕರು 21 ತುಂಬಿದವರಿಗೆ ಮಾತ್ರ ಕೈಪಟ್ಟಿ ಕಟ್ಟುತ್ತಾರೆ. ಗುಂಪಿನ ಚಿಕ್ಕವರಿಗಾಗಿ ದೊಡ್ಡವರು ತಂದುಕೊಡುವುದು ಬೇಡ, ಸಿಕ್ಕಿಬಿದ್ದರೆ ಇಬ್ಬರನ್ನೂ ಹೊರಹಾಕುತ್ತಾರೆ. ಇನ್ನೊಂದು ಸಂಗತಿ ಮೊದಲ ಸಾಲಿನ ಆಸೆಯವರಿಗೆ: ಬಿಯರ್ ಕುಡಿದವರು ಒಂದು ಗಂಟೆಯೊಳಗೆ ಹೊರಗೆ ಹೋಗಲೇಬೇಕು, ಬಿಟ್ಟ ಜಾಗ ಮತ್ತೆ ಸಿಗುವುದಿಲ್ಲ.

ಎಲ್ಲಿ ನಿಂತರೆ ಏನು ಕೇಳಿಸುತ್ತದೆ

ಇದನ್ನು ತಿಳಿದುಕೊಳ್ಳದೆ ಹೋದವರೇ ಮನೆಗೆ ಬಂದು 'ಸೌಂಡ್ ಸರಿ ಇರಲಿಲ್ಲ' ಎನ್ನುವುದು. ವೇದಿಕೆಯ ಎರಡೂ ಬದಿಗೆ ಬಾಳೆಗೊನೆಯಂತೆ ತೂಗುಬಿಟ್ಟ ಸ್ಪೀಕರ್‌ಗಳ ಸಾಲು ಇರುತ್ತದೆ, ಅದಕ್ಕೆ ಲೈನ್ ಅರೇ ಎನ್ನುತ್ತಾರೆ. ಅದು ಸದ್ದನ್ನು ದೂರಕ್ಕೆ ಎಸೆಯಲೆಂದೇ ಬಾಗಿರುತ್ತದೆ. ಮೊದಲ ಸಾಲಿನಲ್ಲಿ ನಿಂತವರ ತಲೆಯ ಮೇಲಿಂದ ಅದು ಹಾರಿಹೋಗುತ್ತದೆ. ಅಲ್ಲಿ ನಿಮಗೆ ಕೇಳಿಸುವುದು ವೇದಿಕೆಯ ಮೇಲಿನ ಗಿಟಾರ್ ಆಂಪ್, ಡ್ರಮ್ಸ್‌ನ ನೇರ ಏಟು, ಮತ್ತು ನೆಲದ ಮಟ್ಟದಲ್ಲಿಟ್ಟ ಸಬ್‌ವೂಫರ್‌ಗಳ (ತಗ್ಗು ಸ್ವರದ, ಅಂದರೆ ಬಾಸ್‌ನ, ಸ್ಪೀಕರ್‌ಗಳು) ಗುದ್ದು. ಹಾಡುಗಾರರ ದನಿ ಮಸುಕು. ವೇದಿಕೆಯ ಅಂಚಿಗಿಟ್ಟ ಚಿಕ್ಕ ಸ್ಪೀಕರ್‌ಗಳು ಸ್ವಲ್ಪ ಸರಿಪಡಿಸುತ್ತವೆ, ಪೂರ್ತಿ ಅಲ್ಲ. ಮೊದಲ ಸಾಲಿಗೆ ಹೋಗುವುದು ಕಲಾವಿದರ ಬೆರಳು ನೋಡಲು, ಕಣ್ಣಿಗೆ ಕಣ್ಣು ಸೇರಿಸಲು, ಕೇಳಲು ಅಲ್ಲ.

ಕೇಳಬೇಕೆಂದರೆ ಮೈದಾನದ ನಡುವೆ ಇರುವ ಸೌಂಡ್ ಗೋಪುರ ಹುಡುಕಿ. ಮಿಕ್ಸಿಂಗ್ ಮಾಡುವ ಎಂಜಿನಿಯರ್ ಅಲ್ಲಿ ಕೂತು, ಅಲ್ಲಿ ಕೇಳಿಸುವುದನ್ನೇ ಸರಿಮಾಡುತ್ತಿರುತ್ತಾನೆ. ಅವನ ಮುಂದೆ ಐದಾರು ಹೆಜ್ಜೆ, ಎರಡೂ ಸ್ಪೀಕರ್ ಸಾಲುಗಳಿಗೆ ಸಮದೂರದಲ್ಲಿ ನಿಂತರೆ ಆ ದಿನದ ಅತ್ಯುತ್ತಮ ಸದ್ದು ನಿಮ್ಮದು. ಒಂದು ಎಚ್ಚರ: ನಟ್ಟನಡುವಿನ ಗೆರೆಯಲ್ಲಿ ಎಡಬಲದ ಸಬ್‌ವೂಫರ್‌ಗಳ ಅಲೆಗಳು ಒಂದರ ಮೇಲೊಂದು ಕೂಡಿ ಬಾಸ್ ಅತಿಯಾಗುತ್ತದೆ. ಎದೆ ನಡುಗುವಂತೆ ಬೇಕೆಂದರೆ ಅಲ್ಲೇ ಇರಿ, ಇಲ್ಲವಾದರೆ ಎರಡು ಮೂರು ಮೀಟರ್ ಪಕ್ಕಕ್ಕೆ ಸರಿಯಿರಿ. ಇಷ್ಟೇ ದೂರಕ್ಕೆ ಆಗುವ ವ್ಯತ್ಯಾಸ ಬೆರಗು ಹುಟ್ಟಿಸುವಂಥದ್ದು.

ತೀರ ಹಿಂದೆ ಹೋದರೆ ಡ್ರಮ್ಸ್‌ನ ಕೋಲು ಬಿದ್ದ ಮೇಲೆ ಸದ್ದು ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 100 ಮೀಟರ್ ಹಿಂದಿರುವವರಿಗೆ ಸೆಕೆಂಡಿನ ಮೂರನೇ ಒಂದು ಭಾಗ ತಡ. ಗಾಳಿ ಬೀಸಿದಾಗ ಗಿಟಾರ್‌ನ ಚೂಪು ಸ್ವರಗಳು ಬಂದು ಹೋಗಿ ಮಾಡುತ್ತವೆ. ಗಾಳಿ ವೇದಿಕೆಯ ಕಡೆಯಿಂದ ನಿಮ್ಮ ಕಡೆ ಬೀಸುವ ಬದಿಗೆ ಸರಿದರೆ ಇದು ಕಮ್ಮಿ.

ಮಧ್ಯಾಹ್ನದ ಬ್ಯಾಂಡ್‌ಗಳನ್ನು ಬಿಡಬೇಡಿ. ಮೊದಲೆರಡು ಗಂಟೆ ಮೈದಾನ ಖಾಲಿ, ಎಲ್ಲಿ ಬೇಕಾದರೂ ನಿಲ್ಲಬಹುದು, ಒಂದೊಂದು ಬ್ಯಾಂಡ್‌ಗೆ ಸಿಗುವುದು ಮೂವತ್ತು ನಲವತ್ತು ನಿಮಿಷ. ಆ ಹೊತ್ತಿನಲ್ಲಿ ನುಡಿಸುವವರು ಬಹುಪಾಲು ನಮ್ಮ ಊರಿನವರು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ ಮುಂದೆ ವಾಕನ್ ಹಬ್ಬದ ವೇದಿಕೆ ಹತ್ತಿತು. ಹತ್ತು ಜನರ ಮುಂದೆ ನುಡಿಸುವ ಬ್ಯಾಂಡ್‌ಗೆ ಹನ್ನೊಂದನೆಯ ಕೇಳುಗ ಸಿಕ್ಕರೆ ಅದು ಎದ್ದು ಕಾಣುವ ವ್ಯತ್ಯಾಸ. ಅವರ ಟಿ-ಶರ್ಟ್, ಸಿಡಿ ಮಾರಾಟಕ್ಕಿದ್ದರೆ ಆಗಲೇ ಕೊಳ್ಳಿ. ನಿಮ್ಮ ಅಳತೆಯದು ಸಂಜೆಗೆ ಮುಗಿದಿರುತ್ತದೆ, ಆ ದುಡ್ಡು ನೇರ ಅವರ ಕೈಗೆ ಹೋಗುತ್ತದೆ.

ಕಿವಿ

ಇಲ್ಲಿ ಒಂದಿಷ್ಟು ಗಣಿತ ಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹಾಕಿದ ಮಿತಿಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಹದಿನೈದೇ ನಿಮಿಷ. ರಾಕ್ ಹಬ್ಬದ ಮುಂಭಾಗದಲ್ಲಿ 100 ದಾಟುವುದು ಸಾಮಾನ್ಯ. ಅಂದರೆ ಮೊದಲ ಬ್ಯಾಂಡ್‌ನ ಮೂರನೇ ಹಾಡಿಗೇ ನಿಮ್ಮ ದಿನದ ಪಾಲು ಮುಗಿದಿರುತ್ತದೆ. ಸದ್ದನ್ನು 15 ಡೆಸಿಬೆಲ್ ಇಳಿಸುವ ಕಿವಿಬೆಣೆ ಹಾಕಿದರೆ 100 ಎಂಬುದು 85 ಆಗುತ್ತದೆ, ಹದಿನೈದು ನಿಮಿಷ ಎಂಟು ಗಂಟೆಯಾಗುತ್ತದೆ.

ಔಷಧಿ ಅಂಗಡಿಯ ಫೋಮ್ ಬೆಣೆ ಅಗ್ಗ, ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ), ಗಿಟಾರ್‌ನ ಹೊಳಪನ್ನು ಹೆಚ್ಚು ಕತ್ತರಿಸಿ ಕಂಬಳಿ ಹೊದ್ದು ಕೇಳಿದಂತಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ, ಒಳಗೆ ಸಣ್ಣ ಸೋಸುಕವಿರುವ ಸಿಲಿಕೋನ್ ಬೆಣೆ ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಸಮನಾಗಿ ಇಳಿಸುತ್ತದೆ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಟಿಕೆಟ್ ಬೆಲೆಯ ಮುಂದೆ ಅದು ದೊಡ್ಡದಲ್ಲ.

ಫೋಮ್ ಬೆಣೆ ಹಾಕುವುದರಲ್ಲಿ ಬಹುತೇಕರು ಎಡವುತ್ತಾರೆ. ಬೆರಳುಗಳ ನಡುವೆ ಅದನ್ನು ಊದುಬತ್ತಿಯ ಹಾಗೆ ತೆಳ್ಳಗೆ, ಸುಕ್ಕಿಲ್ಲದಂತೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ; ಒಳದಾರಿ ನೇರವಾಗುತ್ತದೆ. ತಕ್ಷಣ ಒಳಗೆ ತೂರಿಸಿ, ಅದು ಉಬ್ಬುವ ತನಕ 20–30 ಸೆಕೆಂಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಬೆಣೆ ಹೊರಚಾಚಿ ಕಂಡರೆ ಸರಿಯಾಗಿ ಕೂತಿಲ್ಲ, ಡಬ್ಬಿಯ ಮೇಲೆ ಬರೆದ ಸಂಖ್ಯೆಯ ಅರ್ಧವೂ ಸಿಗುವುದಿಲ್ಲ. ಹಿಂದಿನ ರಾತ್ರಿ ಮನೆಯಲ್ಲೇ ಅಭ್ಯಾಸ ಮಾಡಿ. ಗೆಳೆಯರ ಜೊತೆ ಮಾತಾಡಲು ಬೆಣೆ ತೆಗೆಯಬೇಡಿ. ತೆಗೆದಿಟ್ಟ ಪ್ರತಿ ನಿಮಿಷಕ್ಕೂ ದಂಡವಿದೆ. ಬೆಣೆ ಹಾಕಿಕೊಂಡೇ ಕಿವಿಯ ಹತ್ತಿರ ಮೆಲುದನಿಯಲ್ಲಿ ಹೇಳಿದರೆ ಕೂಗಿದ್ದಕ್ಕಿಂತ ಸ್ಪಷ್ಟವಾಗಿ ಕೇಳಿಸುತ್ತದೆ. ಚಿಕ್ಕ ಮಕ್ಕಳನ್ನು ಕರೆತಂದಿದ್ದರೆ ಅವರಿಗೆ ಬೆಣೆ ಸಾಲದು, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು. ನಿಲ್ಲುವ ಜಾಗವೂ ಸೌಂಡ್ ಗೋಪುರಕ್ಕಿಂತ ಹಿಂದೆ ಇರಲಿ.

ಗುಂಪಿನ ಒತ್ತಡ ಮತ್ತು ಮಾಷ್ ಪಿಟ್

ಇವೆರಡೂ ಬೇರೆ ಬೇರೆ ಸಂಗತಿಗಳು, ಹೊರಗಿನವರಿಗೆ ಒಂದೇ ಎಂದು ಕಾಣುತ್ತವೆ. ಮಾಷ್ ಪಿಟ್ ಎಂದರೆ ಗುಂಪಿನ ನಡುವೆ ತೆರೆದುಕೊಂಡ ಬಯಲು. ಅಲ್ಲಿ ಹೋಗುವವರು ಬೇಕೆಂದೇ ಹೋಗಿ ಒಬ್ಬರಿಗೊಬ್ಬರು ಭುಜ ತಾಗಿಸಿ ಕುಣಿಯುತ್ತಾರೆ. ಬಿದ್ದವರನ್ನು ಆ ಕ್ಷಣದಲ್ಲೇ ಎತ್ತುವುದು ಅದರ ಮೊದಲ ಕಟ್ಟಳೆ. ಮೊಣಕೈ, ಮುಷ್ಟಿ ಬೀಸುವಂತಿಲ್ಲ. ಸುತ್ತು ಹಾಕಿ ಓಡುವ ಸರ್ಕಲ್ ಪಿಟ್‌ನಲ್ಲಿ ಎಲ್ಲರೂ ಓಡುವ ದಿಕ್ಕಿಗೇ ಓಡಬೇಕು. ಯಾರಾದರೂ ಫೋನ್ ಅಥವಾ ಶೂ ಎತ್ತಿ ಹಿಡಿದು ನಿಂತರೆ ಅದು ಕಳೆದುಕೊಂಡವರಿಗಾಗಿ, ಅವರ ಸುತ್ತ ಜಾಗ ಬಿಡಿ. ಅಂಚಿನಲ್ಲಿ ನಿಂತವರು ಸುಮ್ಮನೆ ನೋಡುತ್ತಿರಬಹುದು, ಅವರನ್ನು ಒಳಗೆಳೆಯುವುದು ತಪ್ಪು. ಕನ್ನಡಕ ಇದ್ದವರು ತೆಗೆದು ಜೋಡಿಯ ಕೈಗೆ ಕೊಟ್ಟು ಹೋಗಿ. ಯಾರಾದರೂ ನೂಕಾಟದ ನೆಪದಲ್ಲಿ ಮೈಮುಟ್ಟಿದರೆ ಸುತ್ತಲಿನವರಿಗೆ ಕೂಗಿ ಹೇಳಿ, ಸೆಕ್ಯುರಿಟಿಯವರಿಗೆ ಆ ವ್ಯಕ್ತಿಯನ್ನು ತೋರಿಸಿ. ಪಳಗಿದ ಮೆಟಲ್ ಗುಂಪು ಇಂಥವರನ್ನು ತಾನೇ ಹೊರಗೆ ಕಳಿಸುತ್ತದೆ.

ನಿಜವಾದ ಅಪಾಯ ಮಾಷ್ ಪಿಟ್‌ನದ್ದಲ್ಲ, ಯಾರೂ ಬೇಕೆಂದು ಮಾಡದ ಒತ್ತಡದ್ದು. ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ಇರುವವರೆಗೆ ಕೈ ಆಡುತ್ತದೆ, ತಿರುಗಬಹುದು. ಐದು ದಾಟಿದರೆ ಎಚ್ಚರದ ಗಂಟೆ. ಆರೇಳು ಆದಾಗ ಗುಂಪು ನೀರಿನಂತೆ ವರ್ತಿಸುತ್ತದೆ. ಹಿಂದಿನಿಂದ ಬಂದ ನೂಕು ಅಲೆಯಾಗಿ ಮುಂದೆ ಹೋಗುತ್ತದೆ, ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಇಂಥಲ್ಲಿ ಜನ ಸಾಯುವುದು ಹೆಚ್ಚಾಗಿ ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ನಿಂತಲ್ಲೇ ಉಸಿರುಗಟ್ಟಿ. ಡೆನ್ಮಾರ್ಕ್‌ನ ರೋಸ್ಕಿಲ್ಡ್ ಹಬ್ಬದಲ್ಲಿ 2000ನೇ ಇಸವಿಯ ಜೂನ್ 30ರಂದು ಒಂಬತ್ತು ಯುವಕರು, ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಹಬ್ಬದಲ್ಲಿ 2021ರ ನವೆಂಬರ್ 5ರ ದುರಂತದಲ್ಲಿ ಹತ್ತು ಜನ ತೀರಿಕೊಂಡರು. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ಸತ್ತಾಗ ಅಲ್ಲಿ ಸಂಗೀತವೇ ಇರಲಿಲ್ಲ, ಗೇಟಿನ ಮುಂದೆ ಸೇರಿದ ಜನ ಮಾತ್ರ. 2011ರಲ್ಲಿ ಬ್ಯಾರಿಕೇಡ್ ಕುಸಿದು ಗುರುಗ್ರಾಮದ ಮೆಟಾಲಿಕಾ ಕಾರ್ಯಕ್ರಮ ರದ್ದಾಯಿತು. ಎರಡೇ ದಿನದ ನಂತರ ಅದೇ ಬ್ಯಾಂಡ್ ಬೆಂಗಳೂರಿನಲ್ಲಿ ನುಡಿಸಿತು. ಬ್ಯಾರಿಕೇಡ್ ಗಟ್ಟಿಯಿರುವುದು ಆಯೋಜಕರ ಹೊಣೆ. ಒತ್ತಡವನ್ನು ಬೇಗ ಗುರುತಿಸಿ ಹೊರಬರುವುದು ನಮ್ಮ ಕೈಯಲ್ಲಿದೆ.

ಗುರುತು ಇದು: ಎಲ್ಲ ಕಡೆಯಿಂದಲೂ ಮೈ ತಾಗುತ್ತಿದೆ, ಕೈ ಮೇಲೆತ್ತಿ ಮುಖ ಒರೆಸಿಕೊಳ್ಳಲು ಕಷ್ಟವಾಗುತ್ತಿದೆ ಎಂದಾದ ಕೂಡಲೇ ಹೊರಡಿ. ಉಸಿರು ಕಟ್ಟಿದ ಮೇಲೆ ಹೊರಡಲಾಗದು. ಕೈಗಳನ್ನು ಕುಸ್ತಿಯವರಂತೆ ಎದೆಯ ಮುಂದೆ ಮಡಚಿ ಪಕ್ಕೆಲುಬಿನ ಮುಂದೆ ಒಂದಿಷ್ಟು ಜಾಗ ಕಾಯ್ದುಕೊಳ್ಳಿ, ಒಂದು ಕಾಲು ಸ್ವಲ್ಪ ಮುಂದಿರಲಿ. ಅಲೆಗೆ ಎದುರಾಗಿ ನೂಕಬೇಡಿ. ಅದು ಮುಂದೆ ಹೋಗುವಾಗ ಜೊತೆಗೆ ತೂಗಿ, ಹಿಂದಿರುಗುವಾಗ ಓರೆಯಾಗಿ ಬದಿಯ ಕಡೆ ಒಂದೊಂದೇ ಹೆಜ್ಜೆ ಸರಿಯಿರಿ. ಒತ್ತಡ ಬದಿಗಳಲ್ಲಿ ಕಮ್ಮಿ. ಕೂಗಾಡಿ ಉಸಿರು ಕಳೆಯಬೇಡಿ. ಏನು ಬಿದ್ದರೂ ಬಗ್ಗಬೇಡಿ. ಬ್ಯಾರಿಕೇಡ್‌ನಲ್ಲೇ ಇದ್ದರೆ ಸೆಕ್ಯುರಿಟಿಯವರಿಗೆ ಎರಡೂ ಕೈ ಎತ್ತಿ ತೋರಿಸಿ, ಅವರು ಮೇಲೆತ್ತಿ ಆಚೆ ಇಳಿಸುತ್ತಾರೆ. ಗಿಡ್ಡ ಮೈಕಟ್ಟಿನವರಿಗೆ ಗಾಳಿ ಕಮ್ಮಿ ಸಿಗುತ್ತದೆ, ಗುಂಪಿನಲ್ಲಿ ಅವರು ಹೇಳಿದ ಕೂಡಲೇ ಎಲ್ಲರೂ ಹೊರಡಬೇಕು, 'ಇನ್ನೊಂದು ಹಾಡು' ಎನ್ನಬಾರದು.

ತಲೆ ಬೀಸುವವರಿಗೆ ಒಂದು ಮಾತು. ಹೆಡ್‌ಬ್ಯಾಂಗಿಂಗ್ ಬಗ್ಗೆ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು, ನಿಮಿಷಕ್ಕೆ ಸುಮಾರು 146 ತಾಳದ ಹಾಡಿಗೆ ತಲೆಯನ್ನು 75 ಡಿಗ್ರಿಗಿಂತ ಹೆಚ್ಚು ಬೀಸಿದರೆ ತಲೆ, ಕತ್ತಿಗೆ ಪೆಟ್ಟಾಗುವ ಸಂಭವ ಇದೆ ಎಂದು ಲೆಕ್ಕಹಾಕಿತು. ಬಿಡಬೇಕಿಲ್ಲ, ಬೀಸುವ ಅಳತೆ ಕಮ್ಮಿ ಮಾಡಿ, ಎರಡು ತಾಳಕ್ಕೊಮ್ಮೆ ಬೀಸಿ. ಮಂಡಿ ಸಡಿಲಬಿಟ್ಟು ಸೊಂಟ, ಭುಜದಿಂದ ತೂಗಿದರೆ ಕತ್ತಿನ ಮೇಲಿನ ಭಾರ ಇಳಿಯುತ್ತದೆ. ಮಧ್ಯಾಹ್ನದ ಬ್ಯಾಂಡ್‌ಗೇ ಕತ್ತು ಖರ್ಚು ಮಾಡಿದರೆ ರಾತ್ರಿಗೆ ಉಳಿಯುವುದಿಲ್ಲ.

ಬಿಸಿಲು ಹೊಡೆದರೆ, ಮಳೆ ಬಂದರೆ

ಗೆಳೆಯರಲ್ಲಿ ಯಾರಾದರೂ ಮಾತು ಕಮ್ಮಿ ಮಾಡಿ, ಬೆವರುತ್ತ, ಬಿಳಿಚಿಕೊಂಡು, ತಲೆಸುತ್ತು ವಾಕರಿಕೆ ಎಂದರೆ ನೆರಳಿಗೆ ಕರೆದೊಯ್ದು ಮಲಗಿಸಿ ಕಾಲು ಎತ್ತರಿಸಿ, ಬಟ್ಟೆ ಸಡಿಲಿಸಿ, ಕತ್ತು ಕಂಕುಳಿಗೆ ಒದ್ದೆಬಟ್ಟೆ ಇಟ್ಟು ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಪ್ರಥಮ ಚಿಕಿತ್ಸೆಯ ಡೇರೆಗೆ ಹೋಗಿ. ಮಾತು ತೊದಲಿದರೆ, ತಾನೆಲ್ಲಿದ್ದೇನೆಂದು ತಿಳಿಯದಿದ್ದರೆ, ಮೈ ಕಾದಿದ್ದರೆ ಕಾಯಬೇಡಿ, ಬಾಯಿಗೆ ಏನೂ ಹಾಕಬೇಡಿ, ಮೈಗೆ ನೀರು ಸುರಿದು ಗಾಳಿ ಬೀಸುತ್ತ ವೈದ್ಯರನ್ನು ಕರೆಯಿರಿ. ಆಂಬುಲೆನ್ಸ್‌ಗೆ 108, ಬೇರೆ ಎಲ್ಲ ತುರ್ತಿಗೆ 112. ಕುಡಿದದ್ದು ಹೆಚ್ಚಾಗಿರಬೇಕು ಎಂದು ಬಿಟ್ಟುಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಎರಡರ ಚಿಹ್ನೆಗಳೂ ಒಂದೇ ಥರ ಕಾಣುತ್ತವೆ.

ಏಪ್ರಿಲ್–ಮೇನಲ್ಲೂ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೂ ಬೆಂಗಳೂರಿನ ಸಂಜೆಯ ಮಳೆ ಗುಡುಗು ಸಿಡಿಲಿನ ಜೊತೆ ಬರುತ್ತದೆ. ಮಿಂಚು ಕಂಡು ಗುಡುಗು ಕೇಳುವುದರ ನಡುವೆ 30 ಸೆಕೆಂಡಿಗಿಂತ ಕಮ್ಮಿ ಇದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ವೇದಿಕೆಯ ಕಬ್ಬಿಣದ ಗೋಪುರ, ಬೇಲಿ, ಒಂಟಿಮರ ಬಿಟ್ಟು ಕಟ್ಟಡ ಅಥವಾ ಕಾರಿನೊಳಗೆ ಹೋಗಿ. ಕಾರ್ಯಕ್ರಮ ನಿಲ್ಲಿಸಿದಾಗ ಗಲಾಟೆ ಮಾಡಬೇಡಿ, ಒದ್ದೆ ವೇದಿಕೆಯಲ್ಲಿ ಕರೆಂಟಿನ ಗಿಟಾರ್ ಹಿಡಿಯುವವರ ಜೀವದ ಪ್ರಶ್ನೆ ಅದು.

ಹೊರಬರುವುದು

ವಾಪಸಾಗುವ ದಾರಿಯನ್ನು ಹೋಗುವ ಮುನ್ನವೇ ತೀರ್ಮಾನಿಸಿ. ಆ ದಿನದ ಕೊನೆಯ ಮೆಟ್ರೋ ಎಷ್ಟಕ್ಕೆ, ಮೈದಾನದಿಂದ ನಿಲ್ದಾಣಕ್ಕೆ ಎಷ್ಟು ನಡಿಗೆ ಎಂದು ನೋಡಿಟ್ಟುಕೊಳ್ಳಿ; ಟಿಕೆಟ್ ಹೋಗುವಾಗಲೇ ತೆಗೆಸಿ ಅಥವಾ ಕಾರ್ಡ್ ಇಟ್ಟುಕೊಳ್ಳಿ. ಕ್ಯಾಬ್ ಆದರೆ ಗೇಟಿನೆದುರು ಬುಕ್ ಮಾಡಬೇಡಿ. ದರ ಏರಿರುತ್ತದೆ, ಗಾಡಿ ಒಳಗೆ ಬರಲಾಗದೆ ಚಾಲಕರೇ ರದ್ದು ಮಾಡುತ್ತಾರೆ. ಒಂದು ಕಿಲೋಮೀಟರ್ ನಡೆದು ಬೆಳಕಿರುವ ದೊಡ್ಡ ರಸ್ತೆಯಿಂದ ಕರೆಯಿರಿ. ಸ್ವಂತ ಗಾಡಿ ತಂದಿದ್ದರೆ ಓಡಿಸುವವರು ಒಂದು ಹನಿಯೂ ಕುಡಿಯಬಾರದು. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕುಡಿಯದಿದ್ದರೂ ಒಂಬತ್ತು ಗಂಟೆ ನಿಂತ ದೇಹಕ್ಕೆ ಹೊಸೂರು ರಸ್ತೆಯಲ್ಲೋ ಬಳ್ಳಾರಿ ರಸ್ತೆಯಲ್ಲೋ ಕಣ್ಣು ಎಳೆಯುತ್ತದೆ. ಚಾಲಕರ ಪಕ್ಕ ಕೂತವರು ನಿದ್ದೆ ಮಾಡದೆ ಮಾತಾಡಿಸುತ್ತಿರಬೇಕು.

ಕೊನೆಯ ಹಾಡು ಮುಗಿದೊಡನೆ ಓಡಬೇಡಿ. ದಿನದ ಅತಿ ಇಕ್ಕಟ್ಟಿನ ಹೊತ್ತು ಗೇಟಿನಲ್ಲಿ ಆಗಲೇ. ಗುರುತು ಮಾಡಿದ ಜಾಗದಲ್ಲಿ ಸೇರಿ, ತಲೆ ಎಣಿಸಿ, ನೀರು ಕುಡಿದು, ಹದಿನೈದು ಇಪ್ಪತ್ತು ನಿಮಿಷ ಕೂತರೆ ಮೈದಾನ ತಾನೇ ಖಾಲಿಯಾಗುತ್ತದೆ. ನಿಮ್ಮ ಬಾಟಲಿ, ತಟ್ಟೆ ಎತ್ತಿ ಡಬ್ಬಿಗೆ ಹಾಕಲೂ ಇದೇ ಸಮಯ.

ಮಲಗುವಾಗ ಕಿವಿಯಲ್ಲಿ ಗುಯ್ ಎನ್ನುತ್ತಿದ್ದರೆ ಬೆಣೆ ಸರಿಯಾಗಿ ಕೂತಿರಲಿಲ್ಲ ಎಂದು ತಿಳಿಯಿರಿ. ಮರುದಿನ ಹೆಡ್‌ಫೋನ್ ಮುಟ್ಟಬೇಡಿ. ಎರಡು ದಿನ ಕಳೆದರೂ ಹೋಗದಿದ್ದರೆ, ಅಥವಾ ಒಂದು ಕಿವಿ ಮಂದವಾದಂತಿದ್ದರೆ ಕಿವಿ ವೈದ್ಯರನ್ನು ತಡಮಾಡದೆ ನೋಡಿ, ಇದರ ಚಿಕಿತ್ಸೆಗೆ ಮೊದಲ ದಿನಗಳೇ ಮುಖ್ಯ. ಸಿಲಿಕೋನ್ ಬೆಣೆಯ ಸೋಸುಕವನ್ನು ಬಿಡಿಸಿಟ್ಟು ಸಿಲಿಕೋನ್ ಭಾಗವನ್ನಷ್ಟೇ ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು ಒಣಗಿಸಿ. ಹೊಸ ಬ್ಯಾಂಡ್ ಟಿ-ಶರ್ಟನ್ನು ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಹಾಕಿ, ಅಚ್ಚಿನ ಮೇಲೆ ನೇರ ಇಸ್ತ್ರಿ ಓಡಿಸಬೇಡಿ.